ಯೂನಿಯನ್ ಸೆಮಿನರಿಯೋ, ಅಟ್ಲಾಂಟಾದ ಐಟಿಸಿಯೋ?

ಅಮೆರಿಕದಲ್ಲಿ ದೇವಶಾಸ್ತ್ರ ಓದಬೇಕು, ಅದೂ ಜನಾಂಗ ಮತ್ತು ಸಾಮಾಜಿಕ ನ್ಯಾಯದ ಪ್ರಶ್ನೆ ಹಿಡಿದೇ ಓದಬೇಕು ಅನ್ನುವವರು ಈ ಎರಡು ಸೆಮಿನರಿಗಳನ್ನೂ, ಅಂದರೆ ಪಾದ್ರಿಗಳನ್ನೂ ದೇವಶಾಸ್ತ್ರಜ್ಞರನ್ನೂ ತಯಾರು ಮಾಡುವ ಶಾಲೆಗಳನ್ನು, ಅಕ್ಕಪಕ್ಕ ಇಟ್ಟು ನೋಡಿ. ಐಟಿಸಿ ಅಂದರೆ ಇಂಟರ್‌ಡಿನಾಮಿನೇಷನಲ್ ಥಿಯಾಲಾಜಿಕಲ್ ಸೆಂಟರ್.

ನ್ಯೂಯಾರ್ಕಿನ ಯೂನಿಯನ್ 1836ರಲ್ಲಿ ಪ್ರೆಸ್ಬಿಟೇರಿಯನ್ ಎಂಬ ಪ್ರಾಟೆಸ್ಟಂಟ್ ಪಂಗಡದ ಬಿಳಿಯರು ಶುರು ಮಾಡಿದ ಶಾಲೆ. ಅಲ್ಲಿಗೆ 1969ರಲ್ಲಿ ಬಂದ ಕಪ್ಪು ದೇವಶಾಸ್ತ್ರಜ್ಞ ಜೇಮ್ಸ್ ಕೋನ್ ಸುಮಾರು ಐದು ದಶಕ ಪಾಠ ಮಾಡಿದರು. ದೇವರು ತುಳಿತಕ್ಕೆ ಸಿಕ್ಕವರ ಪಕ್ಷ, ಅವರ ಬಿಡುಗಡೆಯ ಮಾತೆತ್ತದ ದೇವಶಾಸ್ತ್ರ ಕ್ರೈಸ್ತವೇ ಅಲ್ಲ ಎಂದು ವಾದಿಸಿದವರು ಅವರು. ಅಲ್ಲೇ ಓದಿದ ಕೇಟಿ ಕ್ಯಾನನ್, ಡೆಲೋರೆಸ್ ವಿಲಿಯಮ್ಸ್ ಸುಮ್ನೆ ತಲೆಯಾಡಿಸಲಿಲ್ಲ. ಕಪ್ಪು ಹೆಂಗಸರು ಇದರಲ್ಲಿ ಎಲ್ಲಿದ್ದಾರೆ ಎಂದು ಕೇಳಿ, ಕಪ್ಪು ಹೆಂಗಸರ ಬದುಕಿನಿಂದಲೇ ಹೊರಡುವ ವುಮನಿಸ್ಟ್ ದೇವಶಾಸ್ತ್ರಕ್ಕೆ ಬುನಾದಿ ಹಾಕಿದರು. ಜಗಳವಾಡಿ ಕಲಿಯುವವರಿಗೆ ಇದು ಒಳ್ಳೆಯ ಜಾಗ.

ಐಟಿಸಿ ಕಥೆ ಬೇರೆ. 1958ರಲ್ಲಿ ಮೆಥಡಿಸ್ಟ್, ಬ್ಯಾಪ್ಟಿಸ್ಟ್ ಮೊದಲಾದ ಪ್ರಾಟೆಸ್ಟಂಟ್ ಪಂಗಡಗಳ ನಾಲ್ಕು ಕಪ್ಪು ಸೆಮಿನರಿಗಳು ಒಂದಾಗಿ ಕಟ್ಟಿದ್ದು. ಇಲ್ಲಿ ವೈವಿಧ್ಯ ಅಂದರೆ ಕಪ್ಪು ಚರ್ಚುಗಳ ನಡುವಿನ ವೈವಿಧ್ಯ. ಕಪ್ಪು ವಿದ್ಯಾರ್ಥಿ ತನ್ನ ಇರುವಿಕೆಗೆ ವಿವರಣೆ ಕೊಡಬೇಕಿಲ್ಲ, ಇದು ಸಣ್ಣ ವಿಷಯ ಅಲ್ಲ ಅಲ್ವಾ?

ಸಭೆ ನಡೆಸುವ ಪಾದ್ರಿ ಆಗಬೇಕೆಂದರೆ ನಾನು ಐಟಿಸಿ ಅನ್ನುತ್ತೇನೆ. ಸಂಶೋಧನೆ, ಬರವಣಿಗೆ ಅಂದರೆ ಯೂನಿಯನ್. ಆದರೆ ಮ್ಯಾನ್‌ಹಟನ್‌ನಲ್ಲಿ ಬದುಕುವ ಖರ್ಚು ಜಾಸ್ತಿ, ವಿದ್ಯಾರ್ಥಿವೇತನ ಖಚಿತವಾಗದೆ ಹೊರಡಬೇಡಿ.

ಬೆಂಗಳೂರಿನವರಿಗೆ ಇನ್ನೊಂದು ದಾರಿಯೂ ಇದೆ: ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು. 1981ರಲ್ಲಿ ದೇವಶಾಸ್ತ್ರಜ್ಞ ಅರವಿಂದ್ ನಿರ್ಮಲ್ ಅಲ್ಲಿ ಮಾಡಿದ ಭಾಷಣದಿಂದಲೇ ದಲಿತ ದೇವಶಾಸ್ತ್ರದ ಚರ್ಚೆ ಬಿಸಿಯಾಯಿತು. ಜಾತಿ ನಿಮ್ಮ ಮುಖ್ಯ ಪ್ರಶ್ನೆಯಾದರೆ ವೀಸಾ ಅರ್ಜಿಗೆ ಮುಂಚೆ ಅಲ್ಲಿ ವಿಚಾರಿಸಿ.