ಮೌಂಟ್ ವಾಷಿಂಗ್ಟನ್‌ನ ಚಳಿಗಾಲದ ಚಾರಣ: ಹಣ ಕಟ್ಟುವ ಮೊದಲು ಓದಿ

ಬಾಸ್ಟನ್ ಸುತ್ತಮುತ್ತ ನೆಲೆಸಿರುವ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಡಿಸೆಂಬರ್ ಬಂತೆಂದರೆ ಒಂದು ಬಗೆಯ ಆಹ್ವಾನ ಹರಿದಾಡತೊಡಗುತ್ತದೆ: ನ್ಯೂ ಹ್ಯಾಂಪ್‌ಶೈರ್‌ನ ಮೌಂಟ್ ವಾಷಿಂಗ್ಟನ್‌ಗೆ ಒಂದೇ ದಿನದ ಚಳಿಗಾಲದ ಚಾರಣ, ಹೊಸಬರೂ ಬರಬಹುದು, ಸಲಕರಣೆ ನಾವೇ ಒದಗಿಸುತ್ತೇವೆ. ಕಳೆದ ಜನವರಿಯಲ್ಲಿ ಅಂಥ ತಂಡವೊಂದರ ಜೊತೆ ನಾನೂ ಹಣ ಕೊಟ್ಟು ಹೋಗಿದ್ದೆ. ಜೊತೆಗಿದ್ದವರಲ್ಲಿ ಒಬ್ಬರಿಗೆ ಎರಡು ಬೆರಳುಗಳ ತುದಿಯಲ್ಲಿ ಸ್ಪರ್ಶ ಇನ್ನೂ ಪೂರ್ತಿ ಮರಳಿಲ್ಲ. ಸಂಘಟಕರ ಹೆಸರನ್ನು ನಾನು ಬರೆಯುತ್ತಿಲ್ಲ, ಏಕೆಂದರೆ ಹೆಸರು ಹೇಳಿದರೆ ಓದುಗರು ಅವರೊಬ್ಬರನ್ನು ಬಿಟ್ಟು ಅದೇ ರೀತಿಯ ಇನ್ನೊಬ್ಬರ ಬಳಿ ನಿಶ್ಚಿಂತೆಯಿಂದ ಹೋಗುತ್ತಾರೆ.

ಮೊದಲು ಎತ್ತರದ ವಿಷಯ. ಈ ಬೆಟ್ಟದ ಎತ್ತರ 1,917 ಮೀಟರ್. ಸುಮಾರು 1,930 ಮೀಟರಿನ ನಮ್ಮ ಮುಳ್ಳಯ್ಯನಗಿರಿ ಇದಕ್ಕಿಂತ ತುಸು ಎತ್ತರವೇ. ಆಹ್ವಾನದಲ್ಲಿ ಈ ಹೋಲಿಕೆಯನ್ನೇ ಮುಂದೆ ಮಾಡಿದ್ದರು, ಹಿಮಾಲಯದಲ್ಲಿ ಅಲೆದವರು ಅದನ್ನು ಓದಿ ಮರುಮಾತಿಲ್ಲದೆ ಹೆಸರು ಕೊಟ್ಟರು. ಆದರೆ ಇಲ್ಲಿ ಮನುಷ್ಯನನ್ನು ಕೆಡವುವುದು ಎತ್ತರವಲ್ಲ, ಗಾಳಿ. ಪಡುವಣದಿಂದ ಬೀಸುವ ಗಾಳಿಗೆ ಅಡ್ಡಲಾಗಿ ನಿಂತಿರುವ ಈ ಪರ್ವತಸಾಲಿನ ಮೇಲೆ ಹಲವು ದಿಕ್ಕುಗಳಿಂದ ಬರುವ ಬಿರುಗಾಳಿಗಳ ಹಾದಿಗಳು ಕೂಡುತ್ತವೆ. 1934ರ ಏಪ್ರಿಲ್ 12ರಂದು ಶಿಖರದ ಹವಾಮಾನ ವೀಕ್ಷಣಾಲಯದಲ್ಲಿ ಗಂಟೆಗೆ 372 ಕಿಲೋಮೀಟರ್ ವೇಗದ ಗಾಳಿ ದಾಖಲಾಯಿತು, ಆಸ್ಟ್ರೇಲಿಯಾದ ಬ್ಯಾರೋ ದ್ವೀಪದಲ್ಲಿ 1996ರಲ್ಲಿ ಬೀಸಿದ ಚಂಡಮಾರುತದವರೆಗೂ ಅದೇ ವಿಶ್ವದಾಖಲೆಯಾಗಿತ್ತು. 2023ರ ಫೆಬ್ರವರಿಯಲ್ಲಿ ಅಲ್ಲಿನ ಉಷ್ಣಾಂಶ ಮೈನಸ್ 44 ಡಿಗ್ರಿಗೆ ಇಳಿದಿತ್ತು, ಗಾಳಿ ಸೇರಿ ಮೈಗೆ ತಾಗುವ ಚಳಿ ಮೈನಸ್ 78ರಷ್ಟಿತ್ತು. 1849ರಿಂದ ಈಚೆಗೆ ಈ ಬೆಟ್ಟದಲ್ಲೂ ಅದರ ಅಕ್ಕಪಕ್ಕದ ಶಿಖರಗಳಲ್ಲೂ 150ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಮುಳ್ಳಯ್ಯನಗಿರಿಯೊಂದಿಗೆ ಹೋಲಿಸುವವರು ಈ ಅಂಕಿಗಳನ್ನು ಏಕೆ ಹೇಳುವುದಿಲ್ಲವೋ, ನೀವೇ ಊಹಿಸಿಕೊಳ್ಳಿ.

ಹೊರಡುವ ಹಿಂದಿನ ರಾತ್ರಿ ಸಂಘಟಕರು ಗುಂಪಿಗೆ ಕಳುಹಿಸಿದ್ದು ಕಣಿವೆಯ ಊರಿನ ಹವಾಮಾನ: ಮೈನಸ್ 8 ಡಿಗ್ರಿ, ಬಿಸಿಲು. ಶಿಖರಗಳ ಮುನ್ಸೂಚನೆಯನ್ನು ಅದೇ ವೀಕ್ಷಣಾಲಯ ಬೇರೆಯಾಗಿಯೇ ಪ್ರಕಟಿಸುತ್ತದೆ, ಉಚಿತವಾಗಿ. ಆ ದಿನ ಅದರಲ್ಲಿ ಮೈನಸ್ 23 ಡಿಗ್ರಿ ಮತ್ತು ವಾಯವ್ಯದಿಂದ ಗಂಟೆಗೆ 80 ಕಿಲೋಮೀಟರ್ ಗಾಳಿ ಎಂದಿತ್ತು. ಎರಡನ್ನೂ ಸೇರಿಸಿದರೆ ಮೈಗೆ ತಾಗುವ ಚಳಿ ಮೈನಸ್ 42ರ ಆಸುಪಾಸಿಗೆ ಬರುತ್ತದೆ, ಅಂದರೆ ಮುಚ್ಚದೆ ಬಿಟ್ಟ ಚರ್ಮ ಹತ್ತು ನಿಮಿಷದೊಳಗೆ ಹೆಪ್ಪುಗಟ್ಟಬಹುದು. ನಮ್ಮಲ್ಲೊಬ್ಬರು ವಾಹನ ನಿಲ್ದಾಣದಲ್ಲಿಯೇ ಇದನ್ನು ತೋರಿಸಿದಾಗ, ‘ಅವರು ಯಾವಾಗಲೂ ಹಾಗೇ ಬರೆಯುತ್ತಾರೆ’ ಎಂಬ ಉತ್ತರ ಬಂತು. ಅವರು ಯಾವಾಗಲೂ ಹಾಗೆ ಬರೆಯುವುದು ಅಲ್ಲಿ ಯಾವಾಗಲೂ ಹಾಗೆ ಇರುವುದರಿಂದ.

ನಾವು ಹತ್ತಿದ್ದು ಪಶ್ಚಿಮದ ಜ್ಯುವೆಲ್ ಹಾದಿಯಲ್ಲಿ. ಶಿಖರಕ್ಕೆ ಹಲ್ಲುಗಾಲಿಯಲ್ಲಿ ಏರುವ ಕಾಗ್ ರೈಲಿನ ಕೆಳನಿಲ್ದಾಣದ ಬಳಿ ಆರಂಭವಾಗುವ ಈ ಹಾದಿ ಶಿಖರಕ್ಕೆ ಸುಮಾರು 8 ಕಿಲೋಮೀಟರ್. ಉಳಿದವುಗಳಿಗಿಂತ ಇಳಿಜಾರು ಕಡಿಮೆ ಎಂಬ ಕಾರಣಕ್ಕೆ ಹೊಸಬರನ್ನು ಇಲ್ಲಿಗೆ ಕರೆತರುತ್ತಾರೆ. ಇದರೊಳಗಿನ ಮೋಸ ಹತ್ತುವಾಗ ತಿಳಿಯುವುದಿಲ್ಲ. ಕಾಡಿನೊಳಗೆ ಗಾಳಿಯೇ ಇರುವುದಿಲ್ಲ, ಜನ ಬೆವರುತ್ತಾ ಜಾಕೆಟ್ ಕಳಚುತ್ತಾರೆ. ಸುಮಾರು 1,350 ಮೀಟರಿನಲ್ಲಿ ಮರಗಳು ಮುಗಿದು ಬೆಟ್ಟದ ಬೋಳು ಏಣು ಆರಂಭವಾದ ಮೇಲೂ ಪಶ್ಚಿಮದ ಗಾಳಿ ಬೆನ್ನಿಗೆ ಬೀಳುವುದರಿಂದ ಅದು ಮುಂದೆ ತಳ್ಳುವ ಸಹಾಯದಂತೆಯೇ ತೋರುತ್ತದೆ. ಹೀಗೆ ಹಗುರವಾಗಿ ಏರಿದಷ್ಟು ದೂರವನ್ನೂ ಮರಳುವಾಗ ಅದೇ ಗಾಳಿಗೆ ಮುಖ ಕೊಟ್ಟು, ದಣಿದ ಕಾಲಿನಲ್ಲಿ, ಬೆವರಿನಿಂದ ಒದ್ದೆಯಾಗಿ ತಣ್ಣಗಾದ ಬಟ್ಟೆಯಲ್ಲಿ ನಡೆಯಬೇಕು. ಆ ದೂರದ ಎಲ್ಲಿಯೂ ಮರೆಗೆ ನಿಲ್ಲಲು ಒಂದು ಮರವಿಲ್ಲ.

ಕೊಟ್ಟ ಸಲಕರಣೆಯೆಂದರೆ ಬೂಟಿಗೆ ಎಳೆದು ಹಾಕುವ ಮೈಕ್ರೋಸ್ಪೈಕ್ ಮಾತ್ರ. ತುಳಿದು ಗಟ್ಟಿಯಾದ ಕಾಡಿನ ಹಿಮಕ್ಕೆ ಅದು ಸಾಕು. ಗಾಳಿ ಉಜ್ಜಿ ಉಜ್ಜಿ ನೀಲಿಗಟ್ಟಿದ ಮೇಲಿನ ಮಂಜುಗಡ್ಡೆಯಲ್ಲಿ ಅದರ ಗಿಡ್ಡ ಹಲ್ಲುಗಳು ಕಚ್ಚದೆ, ಅಡಕೆ ಹಾಳೆಯ ಮೇಲೆ ಕೂರಿಸಿ ಎಳೆದಂತೆ ಕಾಲು ಜಾರುತ್ತಿತ್ತು. ಅಲ್ಲಿಗೆ ಬೇಕಾದದ್ದು ಬೂಟಿಗೆ ಬಿಗಿಯುವ ಉದ್ದ ಮೊನೆಗಳ ಕ್ರ್ಯಾಂಪಾನ್ ಮತ್ತು ಹಿಮಕೊಡಲಿ, ಜೊತೆಗೆ ಅವುಗಳನ್ನು ಬಳಸುವ ಅಭ್ಯಾಸ. ಕೆಲವರ ಬಳಿ ಕನ್ನಡಕದಂಥ ಮುಚ್ಚುಗಾಗಲ್ ಇರಲಿಲ್ಲ. ಒಬ್ಬರು ಊರಿನಿಂದ ತಂದ ಉಣ್ಣೆಯ ಮಂಕಿ ಕ್ಯಾಪ್ ಹಾಕಿದ್ದರು, ಉಸಿರಿನ ಹಬೆ ಅದರ ಮೇಲೆಯೇ ಹೆಪ್ಪುಗಟ್ಟಿ ಕೆನ್ನೆಗೆ ಬರ್ಫದ ಪಟ್ಟಿ ಕಟ್ಟಿದಂತಾಯಿತು. ನೀರಿನ ಚೀಲದ ಕೊಳವೆ ಕಾಡು ದಾಟುವಷ್ಟರಲ್ಲೇ ಕಟ್ಟಿಕೊಂಡಿತ್ತು, ಫೋನುಗಳು ಒಂದೊಂದಾಗಿ ಆರಿದವು.

ದಿಣ್ಣೆಯ ಮೇಲೆ ಒಬ್ಬರ ಸ್ಪೈಕ್ ಕಳಚಿತು. ಅದನ್ನು ಸರಿಪಡಿಸಲು ಅವರು ಎರಡೂ ಕೈಗವಸು ತೆಗೆದರು, ಒಂದು ಗವಸು ಗಾಳಿಗೆ ಹಾರಿಹೋಯಿತು. ಸ್ವಲ್ಪ ಹೊತ್ತಿನಲ್ಲಿ ಬೆರಳು ಬೆಳ್ಳಗೆ ಮೇಣದಂತಾದವು, ಮಾತು ತೊದಲಿತು, ಜಾಕೆಟಿನ ಜಿಪ್ ಎಳೆಯಲು ಬರದಾಯಿತು. ಮೊದಲನೆಯದು ಬೆರಳು ಹೆಪ್ಪುಗಟ್ಟುತ್ತಿರುವುದರ ಲಕ್ಷಣ, ಉಳಿದೆರಡು ದೇಹದ ಒಳಗಿನ ಶಾಖವೇ ಇಳಿಯುತ್ತಿರುವುದರ ಲಕ್ಷಣಗಳು. ಆ ಹೊತ್ತಿಗೆ ಮುಂದಾಳು ಗಟ್ಟಿಗರನ್ನು ಕರೆದುಕೊಂಡು ಬಹಳ ಮುಂದೆ ಹೋಗಿದ್ದರು. ಮೇಲೆ ಕಟ್ಟಡವಿದೆ, ಅಲ್ಲಿ ಬೆಚ್ಚಗೆ ಕೂರಬಹುದು ಎಂದು ಅವರೇ ಹೇಳಿದ್ದರು. ಚಳಿಗಾಲದಲ್ಲಿ ಆ ಕಟ್ಟಡ ಸಾರ್ವಜನಿಕರಿಗೆ ಮುಚ್ಚಿರುತ್ತದೆ. ಉಳಿದ ನಾವು ಗವಸು ಕಳೆದುಕೊಂಡವರಿಗೆ ಇನ್ನೊಂದು ಗವಸು ತೊಡಿಸಿ, ನಡುವೆ ಇರಿಸಿಕೊಂಡು, ಕಾಡಿನ ಮರೆ ಸಿಗುವವರೆಗೂ ನಿಲ್ಲದೆ ಇಳಿದೆವು. ಜನವರಿಯಲ್ಲಿ ಅಲ್ಲಿ ನಾಲ್ಕೂವರೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಕೊನೆಯ ದಾರಿಯೆಲ್ಲ ತಲೆದೀಪದಲ್ಲೇ ಸಾಗಿತು. ಕೆಳಗೆ ಬಂದ ಮೇಲೆ ಯಾರೋ ಬೆರಳುಗಳನ್ನು ಉಜ್ಜಲು ಹೋದರು, ಅದನ್ನು ಎಂದಿಗೂ ಮಾಡಬಾರದು. ಹೆಪ್ಪುಗಟ್ಟಿದ ಭಾಗವನ್ನು, ಮತ್ತೆ ಹೆಪ್ಪುಗಟ್ಟುವ ಸಂಭವವಿಲ್ಲದ ಕಡೆ ಮಾತ್ರ, 37ರಿಂದ 39 ಡಿಗ್ರಿಯ ಬೆಚ್ಚಗಿನ ನೀರಿನಲ್ಲಿ ಇಟ್ಟು, ವೈದ್ಯರ ಬಳಿಗೆ ಒಯ್ಯಬೇಕು.

ದೂರಿದಾಗ ಸಂಘಟಕರು ತೋರಿಸಿದ್ದು ನಾವೆಲ್ಲ ಸಹಿ ಹಾಕಿದ್ದ ಹೊಣೆಮುಕ್ತಿ ಪತ್ರವನ್ನು. ನ್ಯೂ ಹ್ಯಾಂಪ್‌ಶೈರ್‌ನ ಕಾನೂನಿನಲ್ಲಿ, ನಿರ್ಲಕ್ಷ್ಯದಿಂದ ಸಿಕ್ಕಿಬಿದ್ದವರಿಂದ ರಕ್ಷಣಾಕಾರ್ಯದ ವೆಚ್ಚವನ್ನು ವಸೂಲು ಮಾಡಲು ಅವಕಾಶವಿದೆ ಎಂಬುದನ್ನು ಆ ಪತ್ರವಾಗಲಿ, ಅವರಾಗಲಿ ಹೇಳಿರಲಿಲ್ಲ.

ಆದ್ದರಿಂದ ಇಂಥ ಆಹ್ವಾನ ಬಂದರೆ ಮೊದಲು ಕೇಳಬೇಕಾದದ್ದು, ವೈಟ್ ಮೌಂಟನ್ ರಾಷ್ಟ್ರೀಯ ಅರಣ್ಯದಲ್ಲಿ ಹಣ ಪಡೆದು ಜನರನ್ನು ಕರೆದೊಯ್ಯಲು ಅಮೆರಿಕದ ಅರಣ್ಯ ಸೇವೆಯ ಅನುಮತಿ ಬೇಕು, ಅದು ನಿಮ್ಮ ಬಳಿ ಇದೆಯೇ ಎಂದು. ಉತ್ತರ ತಡವರಿಸಿದರೆ ಮಾತು ಅಲ್ಲಿಗೇ ಮುಗಿಯಿತು. ಇದ್ದರೆ, ಎಷ್ಟು ಗಾಳಿಗೆ ಮತ್ತು ಎಷ್ಟು ಗಂಟೆಗೆ ಹಿಂತಿರುಗುತ್ತೀರಿ, ತಂಡದ ಹಿಂದೆ ಯಾರಿರುತ್ತಾರೆ ಎಂದು ಕೇಳಿ, ಅಂಕಿಯಲ್ಲಿ ಉತ್ತರ ಪಡೆಯಿರಿ. ‘ನೋಡೋಣ’ ಎನ್ನುವವರೊಂದಿಗೆ ಮರಗಳ ಗೆರೆ ದಾಟಬೇಡಿ. ಹಿಮದಲ್ಲಿ ನಡೆಯುವ ಆಸೆಯಷ್ಟೇ ಇದ್ದರೆ ಹತ್ತಿರದ ಕ್ರಾಫರ್ಡ್ ನಾಚ್‌ನಲ್ಲಿ ಮೌಂಟ್ ವಿಲ್ಲರ್ಡ್ ಇದೆ: ಹೋಗಿ ಬರಲು ಸುಮಾರು 5 ಕಿಲೋಮೀಟರ್, ಬಹುಪಾಲು ಹಾದಿ ಕಾಡಿನ ಮರೆಯಲ್ಲಿ, ತುದಿಯಲ್ಲಿ ಇಡೀ ಕಣಿವೆಯ ನೋಟ. ಮೈಕ್ರೋಸ್ಪೈಕ್ ಸಾಕಾಗುವುದು ಅಂಥ ಕಡೆಗೆ.