ಮುರಿದ ಸ್ಕೆಗ್‌ಗೆ ಸ್ಟೀಲ್ ಕವಚ: ಒಂದು ವರ್ಷ ಬಳಸಿದ ಮೇಲೆ

ದೋಣಿಯ ಮೋಟಾರಿನಲ್ಲಿ ಪ್ರೊಪೆಲ್ಲರ್‌ನ ಕೆಳಗೆ ರೆಕ್ಕೆಯಂತೆ ಇಳಿದಿರುವ ಸ್ಕೆಗ್, ನೀರಿನಡಿಯ ಬಂಡೆಯ ಏಟನ್ನು ಮೊದಲು ತಾನು ತಿಂದು ಪ್ರೊಪೆಲ್ಲರನ್ನು ಉಳಿಸುತ್ತದೆ. ನನ್ನ ಮೋಟಾರಿನಲ್ಲಿ ಅದರ ಮೂರನೆಯ ಒಂದು ಭಾಗ ಮುರಿದು ಬಿದ್ದಿತ್ತು. ಮುರಿದ ಅಂಚಿನಲ್ಲಿ ಎರಕದ ಅಲ್ಯೂಮಿನಿಯಂ ಮರಳುಗಲ್ಲಿನಂತೆ ಹರಳುಹರಳಾಗಿ ಕಾಣುತ್ತಿತ್ತು. ಆಮೇಲೆ ವೇಗ ಹೆಚ್ಚಿಸಿದಾಗಲೆಲ್ಲ ದೋಣಿ ಒಂದು ಮಗ್ಗುಲಿಗೆ ಎಳೆಯುತ್ತಿದ್ದುದರಿಂದ, ಕೆಳಗಿನಿಂದ ತೊಡಿಸಿ ಬೋಲ್ಟ್ ಬಿಗಿಯುವ ಸ್ಟೇನ್‌ಲೆಸ್ ಸ್ಟೀಲ್ ಕವಚವೊಂದನ್ನು ಕೊಂಡೆ.

ಕವಚದ ತಯಾರಿಕೆ ಅಚ್ಚುಕಟ್ಟಾಗಿದೆ. 316 ದರ್ಜೆಯ ಉಕ್ಕು, ನಯವಾದ ಬೆಸುಗೆ, ಮೋಟಾರಿನ ಮಾದರಿಗೆ ಸರಿಹೊಂದುವ ಆಕಾರ. ಆದರೆ ಜೊತೆಗೆ ಬಂದ ಸೂಚನಾ ಹಾಳೆಯಲ್ಲಿ ಎರಡು ಲೋಹಗಳನ್ನು ಬೇರ್ಪಡಿಸುವ ಬಗ್ಗೆ ಒಂದು ಮಾತೂ ಇಲ್ಲದಿರುವುದು ದೊಡ್ಡ ಕೊರತೆ. ಹಾಳೆಯಲ್ಲಿ ಇದ್ದಂತೆಯೇ ಬರಿದಾಗಿ ಕೂರಿಸಿದ ನಾನು ಕೆಲವು ತಿಂಗಳ ನಂತರ ಬಿಚ್ಚಿ ನೋಡಿದಾಗ, ಬೋಲ್ಟಿನ ತೂತಿನ ಸುತ್ತ ಬಿಳಿಯ ಪುಡಿ ಕಟ್ಟಿಕೊಂಡು, ಉಗುರಿನಿಂದ ಕೆರೆದರೆ ಉದುರುತ್ತಿತ್ತು. ಉಪ್ಪುನೀರಿನಲ್ಲಿ ಉಕ್ಕು ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿಕೊಂಡಿದ್ದರೆ ಸವೆಯುವುದು ಅಲ್ಯೂಮಿನಿಯಮ್ಮೇ. ಎರಡನೆಯ ಸಲ ಪುಡಿಯನ್ನೆಲ್ಲ ಉಜ್ಜಿ ತೆಗೆದು, ಎಪಾಕ್ಸಿ ಪ್ರೈಮರ್ ಬಳಿದು, ಕವಚದ ಒಳಮೈಗೂ ತೂತುಗಳಿಗೂ ಸೀಲೆಂಟ್ ತುಂಬಿ ಕೂರಿಸಿದ ಮೇಲೆ ಆ ಪುಡಿ ಮತ್ತೆ ಕಾಣಿಸಲಿಲ್ಲ. ತೂತು ಕೊರೆಯುವ ಮೊದಲು ಕವಚವು ಮೂಲ ಸ್ಕೆಗ್‌ನ ನೇರಕ್ಕೇ ಕೂತಿದೆಯೇ ಎಂದು ಮುಂದಿನಿಂದಲೂ ಹಿಂದಿನಿಂದಲೂ ನೋಡಿಕೊಳ್ಳಲೇಬೇಕು, ಏಕೆಂದರೆ ಸ್ವಲ್ಪ ವಾರೆಯಾದರೂ ಚುಕ್ಕಾಣಿ ಹಿಡಿದ ಕೈಗೆ ಅದು ತಿಳಿಯುತ್ತದೆ.

ಸ್ಕೆಗ್ ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ಬೋಲ್ಟಿಗೆ ಗಟ್ಟಿ ಹಿಡಿತ ಸಿಗುವುದಿಲ್ಲ. ಅಂಥವರು ಟಿಗ್ ವೆಲ್ಡಿಂಗ್ (ಆರ್ಗಾನ್‌ನಂಥ ಅನಿಲದ ರಕ್ಷಣೆಯಲ್ಲಿ ವಿದ್ಯುತ್ ಕಿಡಿಯಿಂದ ಬೆಸೆಯುವ ವಿಧಾನ) ಮಾಡಿಸುವುದೇ ಸರಿ. ಗೇರ್ ಆಯಿಲ್ ಇಳಿಸಿ, ಒದ್ದೆ ಬಟ್ಟೆ ಸುತ್ತಿ, ಸ್ವಲ್ಪ ಸ್ವಲ್ಪವೇ ಬೆಸೆಯುತ್ತ ಪ್ರೊಪೆಲ್ಲರ್ ಶಾಫ್ಟಿನ ರಬ್ಬರ್ ಸೀಲುಗಳಿಗೆ ಶಾಖ ತಾಗದಂತೆ ಕಾಯುವವರು, ಕೆಲಸ ಮುಗಿದ ಮೇಲೆ ಗಾಳಿಯ ಒತ್ತಡ ಕೊಟ್ಟು ಸೋರಿಕೆ ಪರೀಕ್ಷಿಸುವವರು ಸಿಕ್ಕರೆ ಮಾತ್ರ ಕೊಡಿ.

ಈಗ ದೋಣಿ ನೇರವಾಗಿ ಓಡುತ್ತಿದೆ, ಎಳೆತ ನಿಂತಿದೆ. ನನಗೆ ಉಳಿದಿರುವ ಅಳುಕು ಒಂದೇ: ಅಲ್ಯೂಮಿನಿಯಂ ತಾನು ಮುರಿದು ಏಟನ್ನು ಅಲ್ಲಿಗೇ ಮುಗಿಸುತ್ತಿತ್ತು, ಉಕ್ಕು ಮುರಿಯದೆ ಅದನ್ನು ಮೇಲಿನ ಗೇರ್ ಕೇಸಿಗೆ, ಅಂದರೆ ಗೇರುಗಳೂ ಆಯಿಲ್ಲೂ ಇರುವ ಪೆಟ್ಟಿಗೆಗೆ, ದಾಟಿಸಬಹುದು. ಹಾಗಾಗಿ ತಳ ತಾಗಿದ ದಿನ ದಡಕ್ಕೆ ಬಂದೊಡನೆ ಆಯಿಲ್ ಸೋರಿದೆಯೇ ಎಂದು ನೋಡುತ್ತೇನೆ. ಮುಂದಿನ ಸಲ ಆಯಿಲ್ ಬದಲಿಸುವಾಗ ಅದು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೊಕ್ಕಿದೆ ಎಂದೇ ಲೆಕ್ಕ.