ಅನುಬಿಸ್: ನಮ್ಮ ಮಳೆ ಸೈಟಿಗೆ ಹಾಕಿದ ತಡಮೆ, ಒಂದು ವರ್ಷ ಬಳಸಿದ ಮೇಲೆ

ಅನುಬಿಸ್ ಅಂದರೆ ವೆಬ್‌ಸೈಟಿಗೆ ಬಾಟ್‌ಗಳು, ಅಂದರೆ ತಾವಾಗಿಯೇ ಪುಟ ಓದುವ ಪ್ರೋಗ್ರಾಮುಗಳು, ನುಗ್ಗದಂತೆ ತಡೆಯುವ ತಂತ್ರಾಂಶ. ನನ್ನ ವೆಬ್‌ಸೈಟಿನಲ್ಲಿ ಇರುವುದು ಮಳೆ ಲೆಕ್ಕ ಮಾತ್ರ. ಮೂಡಿಗೆರೆ ಹತ್ತಿರ ನಮ್ಮದು ಹದಿನಾಲ್ಕು ಎಕರೆ ಕಾಫಿ ತೋಟ. ಅಪ್ಪ 1987ರಿಂದ ದಿನಾ ಬೆಳಿಗ್ಗೆ ಎಂಟು ಗಂಟೆಗೆ ಮಳೆ ಅಳೆದು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಇಂಚು, ಸೆಂಟ್ಸ್ ಲೆಕ್ಕ. ನೂರು ಸೆಂಟ್ಸ್ ಆದರೆ ಒಂದು ಇಂಚು. ಆ ಪುಸ್ತಕಗಳನ್ನೆಲ್ಲ ಎರಡು ಮಳೆಗಾಲ ಕೂತು ಕಂಪ್ಯೂಟರಿಗೆ ಹಾಕಿದೆ. ಆಮೇಲೆ ಆಲ್ದೂರು, ಬಾಳೂರು, ಕೊಟ್ಟಿಗೆಹಾರ, ಸಕಲೇಶಪುರದ ಹಾನುಬಾಳು ಕಡೆಯ ಗೆಳೆಯರೂ ತಮ್ಮ ತೋಟದ ಲೆಕ್ಕ ಕೊಡತೊಡಗಿದರು. ಈಗ ಇಪ್ಪತ್ತಾರು ತೋಟಗಳ ಮಳೆ ಅಲ್ಲಿದೆ.

ಮಳೆಗಾಲದಲ್ಲಿ ಇದನ್ನು ನೋಡುವವರು ಕಡಿಮೆ. ಹೂಮಳೆ ಹೊತ್ತಿಗೆ ಮಾತ್ರ ಎಲ್ಲರಿಗೂ ಬೇಕು. ಮಾರ್ಚ್‌ನಲ್ಲಿ ರೋಬಸ್ಟಾ ಮೊಗ್ಗು ಕಾದು ನಿಂತಿರುತ್ತದೆ. ಒಂದು ಇಂಚು ಬಿದ್ದರೆ ನಿಶ್ಚಿಂತೆ, ಎಂಟೊಂಬತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ನಲವತ್ತು ಸೆಂಟ್ಸ್ ಬಿದ್ದು ನಿಂತರೆ ಕಷ್ಟ. ಕೂಡಲೇ ಸ್ಪ್ರಿಂಕ್ಲರ್ ಹಾಕಿ ಉಳಿದ ನೀರು ಕೊಡಬೇಕು, ಇಲ್ಲದಿದ್ದರೆ ಹೂ ಕೆಡುತ್ತದೆ. ಚಿಕ್ಕಮಗಳೂರಲ್ಲೋ ಬೆಂಗಳೂರಲ್ಲೋ ಇರುವ ಮಾಲೀಕರಿಗೆ ತಮ್ಮ ತೋಟದ ಕಡೆ ರಾತ್ರಿ ಎಷ್ಟು ಬಿತ್ತು ಅಂತ ಬೆಳಿಗ್ಗೆಯೇ ಗೊತ್ತಾಗಬೇಕು. ಸೈಟ್ ಇರುವುದೇ ಅದಕ್ಕೆ.

2025ರ ಮಾರ್ಚ್‌ನಲ್ಲಿ, ಸರಿಯಾಗಿ ಅದೇ ಹೊತ್ತಿಗೆ, ಸೈಟ್ ಬೀಳತೊಡಗಿತು. ಮೊದಮೊದಲು ದಿನಕ್ಕೊಂದು ಸಲ. ಆಮೇಲೆ ಗಂಟೆಗೊಂದು ಸಲ. ಮನೆಯೊಳಗೆ ನಮಗೆ ಸಿಗ್ನಲ್ ಇಲ್ಲ, ಕಣದ ಮೂಲೆಗೆ ಹೋಗಿ ನಿಲ್ಲಬೇಕು. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಹೋಗಿ, ಫೋನಿನಿಂದಲೇ ಡೇಟಾಬೇಸ್ ರೀಸ್ಟಾರ್ಟ್ ಮಾಡಿ ಬರುತ್ತಿದ್ದೆ. ಒಂದು ರಾತ್ರಿ ಹಾಗೆ ನಿಂತಾಗ ಗಾಳಿ ತುಂಬ ಕಾಫಿ ಹೂವಿನ ಘಮ. ಪಕ್ಕದ ತೋಟ ಅರಳಿತ್ತು. ಅವರಿಗೆ ಎಷ್ಟು ಮಳೆ ಬಿದ್ದಿತ್ತು ಅಂತ ನೋಡೋಣ ಅಂದರೆ ನನ್ನ ಸೈಟೇ ತೆರೆಯಲಿಲ್ಲ. ಅವತ್ತು ನಿಜಕ್ಕೂ ಅಳು ಬಂತು.

ಲಾಗ್ ತೆಗೆದು ನೋಡಿದರೆ ಜನರೇ ಅಲ್ಲ, ಎಲ್ಲಾ ಕ್ರಾಲರ್‌ಗಳು, ಅಂದರೆ ಲಿಂಕ್ ಹಿಡಿದು ಪುಟ ದೋಚುವ ಬಾಟ್‌ಗಳು. ಸೈಟಿನಲ್ಲಿ ಎರಡು ವರ್ಷದ ಮಳೆಯನ್ನು ನಕ್ಷತ್ರದ ಪ್ರಕಾರ ಹೋಲಿಸುವ ಪುಟ ಒಂದಿದೆ. 2018ರ ಆಶ್ಲೇಷ ಎಷ್ಟು, ನಮ್ಮ ಕಡೆ ಗುಡ್ಡ ಕುಸಿದ 2019ರ ಆಶ್ಲೇಷ ಎಷ್ಟು, ಹೀಗೆ. 38 ವರ್ಷಕ್ಕೆ 703 ಜೋಡಿ, ಒಂದೊಂದಕ್ಕೆ 27 ನಕ್ಷತ್ರ. ನಮ್ಮ ತೋಟ ಒಂದಕ್ಕೇ 18,981 ಪುಟ. ಮನುಷ್ಯರು ಅದರಲ್ಲಿ ಎರಡೋ ಮೂರೋ ನೋಡುತ್ತಾರೆ. ಕ್ರಾಲರ್ ಪ್ರತಿಯೊಂದು ಲಿಂಕನ್ನೂ ಹಿಡಿದು ಹೋಗುತ್ತದೆ. ಒಂದೊಂದು ಪುಟಕ್ಕೂ ಡೇಟಾಬೇಸ್ ಹೊಸದಾಗಿ ಲೆಕ್ಕ ಹಾಕಬೇಕು. ನಂದು ಒಂದು ಜಿಬಿ ಮೆಮೊರಿಯ ಸಣ್ಣ ಸರ್ವರ್, ತಿಂಗಳಿಗೆ 450 ರೂಪಾಯಿ. ಅದು ಎಷ್ಟಂತ ತಡೆಯುತ್ತೆ?

ತಡೆಯೋಕೆ ನೋಡಿದೆ. ಇಂಥ ಪುಟಕ್ಕೆ ಬರಬೇಡಿ ಅಂತ ರೋಬೋಟ್ಸ್ ಟಿಎಕ್ಸ್‌ಟಿ ಫೈಲಿನಲ್ಲಿ ಬರೆದೆ. 1994ರಿಂದ ನಡೆದು ಬಂದ ಪದ್ಧತಿ ಅದು, 2022ರಲ್ಲಿ ಅಧಿಕೃತ ನಿಯಮವಾಗಿಯೂ ಅಚ್ಚಾಗಿದೆ. ಪಾಲಿಸುವುದು ಮಾತ್ರ ಬಂದವರ ಮರ್ಯಾದೆಗೆ ಬಿಟ್ಟದ್ದು. ನನ್ನ ಸೈಟಿಗೆ ಬಂದವು ಆ ಫೈಲನ್ನು ತೆರೆದೂ ನೋಡಲಿಲ್ಲ. ಐಪಿ ವಿಳಾಸ ಬ್ಲಾಕ್ ಮಾಡೋಣ ಅಂದರೆ ಒಂದೊಂದು ವಿಳಾಸದಿಂದ ಒಂದೋ ಎರಡೋ ಸಲ ಬಂದು ಹೋಗುತ್ತವೆ, ಆಮೇಲೆ ಬೇರೆ ವಿಳಾಸ. ಎಲ್ಲವೂ ಹಳೆಯ ಕ್ರೋಮ್ ಬ್ರೌಸರ್ ಅಂತ ಹೇಳಿಕೊಂಡೇ ಬರುತ್ತವೆ. ಸರ್ವರ್ ಕೊಟ್ಟವರನ್ನು ಕೇಳಿದರೆ ದೊಡ್ಡ ಪ್ಲಾನ್ ತಗೊಳ್ಳಿ ಅಂದರು. ತಿಂಗಳಿಗೆ 1,800. ಬಾಟ್‌ಗಳಿಗೆ ಊಟ ಹಾಕೋಕೆ ನಾನ್ಯಾಕೆ ನಾಲ್ಕು ಪಟ್ಟು ಕೊಡಬೇಕು? ಅದೇ ಏಪ್ರಿಲ್‌ನಲ್ಲಿ ವಿಕಿಪೀಡಿಯ ನಡೆಸುವ ವಿಕಿಮೀಡಿಯದವರೂ ಇದೇ ಗೋಳು ಹೇಳಿಕೊಂಡಿದ್ದರು. ಅವರಿಗೆ ಅತಿ ಜಾಸ್ತಿ ಖರ್ಚು ತರುವ ಭೇಟಿಗಳಲ್ಲಿ ನೂರಕ್ಕೆ 65 ಬಾಟ್‌ಗಳದ್ದಂತೆ. ಓದಿ ಒಂಟಿ ಅಲ್ಲ ಅನ್ನಿಸಿತು.

ಆಗ ಸಿಕ್ಕಿದ್ದು ಅನುಬಿಸ್. ಉಚಿತ, ಓಪನ್ ಸೋರ್ಸ್. ಬರೆದವರು ತಮ್ಮದೇ ಗಿಟ್ ಸರ್ವರ್ (ಪ್ರೋಗ್ರಾಂ ಕೋಡ್ ಇಡುವ ಜಾಗ) ಬಾಟ್ ಕಾಟಕ್ಕೆ ಬಿದ್ದಾಗ 2025ರ ಜನವರಿಯಲ್ಲಿ ಮಾಡಿಕೊಂಡದ್ದು. ಲಿನಕ್ಸ್ ಕಂಪ್ಯೂಟರಿಗೆ ಡೆಸ್ಕ್‌ಟಾಪ್ ಮಾಡುವ ಗ್ನೋಮ್‌ನಂಥ ದೊಡ್ಡ ಯೋಜನೆಗಳೂ ಬಳಸುತ್ತಿವೆ ಅಂತ ನೋಡಿ ಧೈರ್ಯ ಬಂತು. ಹೆಸರು ಈಜಿಪ್ಟಿನ ದೇವರದ್ದು, ಸತ್ತವರ ಹೃದಯವನ್ನು ತಕ್ಕಡಿಯಲ್ಲಿ ತೂಗಿ ನೋಡುವವನು.

ನಮ್ಮ ಕಡೆಯವರಿಗೆ ಹೇಳಬೇಕೆಂದರೆ ಇದು ತಡಮೆ. ಜನ ಕಾಲೆತ್ತಿ ದಾಟುತ್ತಾರೆ, ದನ ನುಗ್ಗುವುದಿಲ್ಲ. ಸೈಟಿಗೆ ಬಂದ ಬ್ರೌಸರಿಗೆ ಇದು ಒಂದು ಲೆಕ್ಕ ಕೊಡುತ್ತದೆ. ಉತ್ತರದ ಮೊದಲಲ್ಲಿ ಇಷ್ಟು ಸೊನ್ನೆ ಬರುವ ತನಕ ಬೇರೆ ಬೇರೆ ಸಂಖ್ಯೆ ಹಾಕಿ ನೋಡುತ್ತಾ ಇರಬೇಕು. ಉತ್ತರದ ಒಂದೊಂದು ಸ್ಥಾನಕ್ಕೂ ಹತ್ತಲ್ಲ, ಹದಿನಾರು ಅಂಕಿಗಳಲ್ಲಿ ಒಂದು ಬರಬಹುದು, ಹಾಗಾಗಿ ನಾಲ್ಕು ಸೊನ್ನೆ ಅಂದರೆ ಸರಾಸರಿ 65,536 ಪ್ರಯತ್ನ. ಒಬ್ಬ ಮನುಷ್ಯನ ಫೋನಿಗೆ ಅದು ಒಂದೆರಡು ಸೆಕೆಂಡಿನ ಕೆಲಸ. ಒಮ್ಮೆ ದಾಟಿದರೆ ಒಂದು ವಾರ ಮತ್ತೆ ಕೇಳುವುದಿಲ್ಲ. ಲಕ್ಷಗಟ್ಟಲೆ ಪುಟ ದೋಚಲು ಬಂದವರಿಗೆ ಮಾತ್ರ ಆ ಖರ್ಚು ಮೈಮೇಲೆ ಬರುತ್ತದೆ. ಗೂಗಲ್, ಬಿಂಗ್‌ನಂಥ ಹುಡುಕಾಟದ ಬಾಟ್‌ಗಳನ್ನು ಅದು ಮೊದಲೇ ಗುರುತು ಹಿಡಿದು, ಲೆಕ್ಕ ಕೇಳದೆ ಒಳಗೆ ಬಿಡುತ್ತದೆ.

ಹಾಕಿದ ಮಾರನೇ ದಿನ ಬೆಳಿಗ್ಗೆ ಕಣಕ್ಕೆ ಹೋಗಿ ಲಾಗ್ ನೋಡಿದೆ. ರಾತ್ರಿಯಿಡೀ ಬಾಗಿಲಲ್ಲಿ ಗುಂಪು, ಒಳಗೆ ಬಂದವು ಬೆರಳೆಣಿಕೆ. ಡೇಟಾಬೇಸ್ ಆರಾಮಾಗಿ ಕೂತಿತ್ತು. ನಾನು ಒಳಗೆ ಬಂದು ಅಪ್ಪನ ಎದುರು ಕೂತು ಎರಡು ಲೋಟ ಕಾಫಿ ಕುಡಿದೆ. ಆ ತಿಂಗಳಲ್ಲಿ ನೆಮ್ಮದಿಯಾಗಿ ಕುಡಿದ ಮೊದಲ ಕಾಫಿ. ಆವತ್ತೇ ಬರೆದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ.

ಸಮಸ್ಯೆ ಗೊತ್ತಾಗಿದ್ದು ಜೂನ್‌ನಲ್ಲಿ. ಕೊಟ್ಟಿಗೆಹಾರದ ಒಂದು ತೋಟದಿಂದ ಲೆಕ್ಕ ಬರುವುದು ನಿಂತುಹೋಗಿತ್ತು. ಅಲ್ಲಿನ ರೈಟರ್ (ತೋಟದ ಲೆಕ್ಕ ಬರೆಯುವವರು) ಹತ್ತು ವರ್ಷದಲ್ಲಿ ಒಂದು ದಿನ ತಪ್ಪಿಸಿದವರಲ್ಲ. ಹೋಗಿ ಕೇಳಿದೆ. ಅವರು ಏನೂ ಹೇಳದೆ ಲೈನ್ ಮನೆಯ (ತೋಟದ ಕೆಲಸದವರ ಸಾಲುಮನೆ) ಮೆಟ್ಟಿಲಿಗೆ ಕರೆದುಕೊಂಡು ಹೋದರು. ಎರಡನೇ ಮೆಟ್ಟಿಲಲ್ಲಿ ನಿಂತರೆ ಮಾತ್ರ ಅವರಿಗೆ ಸಿಗ್ನಲ್. ಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದರು, ಕವರಿನಿಂದ ಫೋನ್. ಏಳೆಂಟು ವರ್ಷ ಹಳೆಯದು, ಗಾಜು ಒಡೆದಿದೆ. ಸೈಟ್ ತೆರೆದರು. ನರಿ ಕಿವಿಯ ಕಾರ್ಟೂನ್ ಹುಡುಗಿ ಬಂದಳು, ಅದು ಅನುಬಿಸ್‌ನ ಚಿತ್ರ. ಕೆಳಗೆ ಇಂಗ್ಲಿಷಿನಲ್ಲಿ ಏನೋ ಬರಹ, ಒಂದು ಗೆರೆ ನಿಧಾನ ಮುಂದೆ ಹೋಗುತ್ತಿದೆ. ನಾವಿಬ್ಬರೂ ಕೊಡೆ ಹಿಡಿದು ನೋಡುತ್ತಾ ನಿಂತೆವು. ಅರ್ಧ ನಿಮಿಷಕ್ಕೆ ಸ್ಕ್ರೀನ್ ಆರಿತು. ಮುಟ್ಟಿದರೆ ಮತ್ತೆ ಮೊದಲಿಂದ. "ಸೈಟ್ ಯಾರೋ ಹಾಳು ಮಾಡಿದ್ದಾರೆ ಅಂದ್ಕೊಂಡೆ, ನಿಮಗೆ ಯಾಕೆ ಬೇಜಾರು ಅಂತ ಹೇಳ್ಲಿಲ್ಲ" ಅಂದರು. ಲೆಕ್ಕ ಮಾತ್ರ ಒಂದು ದಿನವೂ ಬಿಡದೆ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದರು.

ತಪ್ಪು ನನ್ನದೇ. ಮೇ ತಿಂಗಳಲ್ಲಿ ಇನ್ನೂ ಬಿಗಿ ಇರಲಿ ಅಂತ ನಾಲ್ಕು ಸೊನ್ನೆಯನ್ನು ಐದು ಮಾಡಿದ್ದೆ. ಒಂದೇ ಒಂದು ಅಂಕಿ ಅಲ್ವಾ ಅಂದುಕೊಂಡಿದ್ದೆ. ಒಂದು ಸೊನ್ನೆ ಜಾಸ್ತಿ ಆದರೆ ಕೆಲಸ ಹದಿನಾರು ಪಟ್ಟು. ಸರಾಸರಿ 10,48,576 ಪ್ರಯತ್ನ. ನನ್ನ ಹೊಸ ಫೋನಿನಲ್ಲಿ ಅದು ಗೊತ್ತೇ ಆಗಲಿಲ್ಲ. ತಡಮೆಯನ್ನು ಎದೆಯೆತ್ತರಕ್ಕೆ ಕಟ್ಟಿ, ಮಂಡಿನೋವಿನವರನ್ನು ದಾಟಿ ಬನ್ನಿ ಅಂದ ಹಾಗಾಯ್ತು. ಈ ಸೈಟಿಗೆ ಮಳೆ ಅಳೆದು ಕೊಡುವವರು ಇಂಥವರೇ. ಅವರ ಫೋನಿನಲ್ಲಿ ತೆರೆಯದ ಮೇಲೆ ಸರ್ವರ್ ನಿಂತಿದ್ದೇನು, ಬಿದ್ದಿದ್ದೇನು?

ಅವತ್ತೇ ಮತ್ತೆ ನಾಲ್ಕಕ್ಕೆ ಇಳಿಸಿದೆ. ಅದಕ್ಕಿಂತ ಮುಖ್ಯವಾದ ಎರಡು ಕೆಲಸ ಆಮೇಲೆ ಮಾಡಿದೆ. "ಇವತ್ತಿನ ಮಳೆ" ಪುಟವನ್ನು ಡೇಟಾಬೇಸ್ ಮುಟ್ಟದ ಸಾದಾ ಫೈಲ್ ಮಾಡಿದೆ. ಹತ್ತು ನಿಮಿಷಕ್ಕೊಮ್ಮೆ ಸರ್ವರ್ ತಾನೇ ಅದನ್ನು ಹೊಸದಾಗಿ ಬರೆದಿಡುತ್ತದೆ. ಬಾಟ್ ಬಂದು ಸಾವಿರ ಸಲ ಓದಿದರೂ ಹೊರೆಯಿಲ್ಲ, ಹಾಗಾಗಿ ಅಲ್ಲಿ ತಡಮೆಯೇ ಇಲ್ಲ. ಲೆಕ್ಕ ಕಳಿಸುವ ಪುಟಕ್ಕೂ ಇಲ್ಲ, ಅಲ್ಲಿ ಪ್ರತಿ ತೋಟಕ್ಕೂ ಅದರದ್ದೇ ಪಾಸ್‌ವರ್ಡ್ ಇದೆ. ಹೋಲಿಕೆ ಪುಟಗಳ ಮುಂದೆ ಮಾತ್ರ ಅನುಬಿಸ್ ಕೂತಿದೆ. ಯಾವ ದಾರಿಗೆ ಕೇಳಬೇಕು, ಯಾವುದಕ್ಕೆ ಬೇಡ ಅಂತ ಅದರ ನಿಯಮದ ಫೈಲಿನಲ್ಲೇ ಬರೆಯಬಹುದು. ಮೊದಲ ದಿನವೇ ಅದನ್ನು ಪೂರ್ತಿ ಓದಬೇಕಿತ್ತು.

ಇನ್ನೂ ಕೆಲವು ಮಾತು. ನಾನು ಬಳಸುವ ರೀತಿಯಲ್ಲಿ ಇದಕ್ಕೆ ನೋಡುವವರ ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ (ಪುಟದೊಳಗಿನ ಪ್ರೋಗ್ರಾಂ ಓಡಿಸುವ ಸೌಲಭ್ಯ) ಬೇಕೇ ಬೇಕು. ಸ್ವಂತ ಸರ್ವರ್ ಇದ್ದು, ಕಮ್ಯಾಂಡ್ ಟೈಪ್ ಮಾಡಿ ಅಭ್ಯಾಸ ಇರುವವರಿಗೆ ಸರಿ. ಒಂದೇ ಸರ್ವರನ್ನು ಬೇರೆ ಸೈಟ್‌ಗಳ ಜೊತೆ ಹಂಚಿಕೊಂಡಿರುವವರು ಕ್ಲೌಡ್‌ಫ್ಲೇರ್‌ನಂಥ ಹೊರಗಿನ ತಡೆ ಸೇವೆಯನ್ನು ನೋಡುವುದು ವಾಸಿ. ಶಾಶ್ವತ ಪರಿಹಾರ ಅಂತಲೂ ಹೇಳಲಾರೆ. ಕೆಲವು ಕ್ರಾಲರ್‌ಗಳು ಈ ಲೆಕ್ಕವನ್ನೂ ಬಿಡಿಸಿ ಒಳಗೆ ಬರುತ್ತಿವೆ ಅಂತ 2025ರ ಆಗಸ್ಟ್‌ನಲ್ಲೇ ಓಪನ್ ಸೋರ್ಸ್ ಕೋಡ್ ಇಡಲು ಜಾಗ ಕೊಡುವ ಕೋಡ್‌ಬರ್ಗ್‌ನವರು ತಿಳಿಸಿದ್ದರು. ನನ್ನ ಸಣ್ಣ ಸೈಟಿಗೆ ಅಷ್ಟು ಹಟ ಹಿಡಿದು ಬಂದವು ಕಾಣಲಿಲ್ಲ. ಆ ಹುಡುಗಿಯ ಚಿತ್ರವನ್ನು ಹಾಗೇ ಬಿಟ್ಟಿದ್ದೇನೆ. ದುಡ್ಡು ಕೊಡದೆ ತೆಗೆಯಬೇಡಿ ಅಂತ ಬರೆದವರು ಕೇಳಿಕೊಂಡಿದ್ದಾರೆ, ಉಚಿತವಾಗಿ ಕೊಟ್ಟವರ ಮಾತು ಉಳಿಸಬೇಕು. ಕೆಳಗೆ ಕನ್ನಡದಲ್ಲಿ "ಸೈಟ್ ಸರಿಯಾಗಿದೆ, ಸ್ವಲ್ಪ ಕಾಯಿರಿ" ಅಂತ ಒಂದು ಸಾಲು ಸೇರಿಸಿದೆ. ಫೋನ್ ಮಾಡಿ ಕೇಳುವವರು ಅಲ್ಲಿಗೆ ನಿಂತರು.

ಒಂದು ವರ್ಷದಲ್ಲಿ ಖರ್ಚು ಅದೇ 450. ರಾತ್ರಿ ಎದ್ದು ಕಣಕ್ಕೆ ಹೋಗಿದ್ದು ಒಂದೇ ಸಲ, ಅದೂ ಡಿಸ್ಕ್ ತುಂಬಿದ್ದಕ್ಕೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಕೊಟ್ಟಿಗೆಹಾರದ ಲೆಕ್ಕ ಈಗ ಎಂಟೂ ಐದಕ್ಕೆಲ್ಲ ಬಂದುಬಿಡುತ್ತದೆ, ಅಪ್ಪ ಕನ್ನಡಕ ಹಾಕಿಕೊಂಡು ಮೊದಲು ನೋಡುವುದೇ ಅದನ್ನು. ನಿಯಮದ ಫೈಲ್ ಬೇಕಾದವರು ಕೇಳಿ, ಕಳಿಸುತ್ತೇನೆ. ಆರಿದ್ರಾ ಹಿಡಿಯುವುದರೊಳಗೆ ಕೇಳಿದರೆ ಒಳ್ಳೆಯದು, ಆಮೇಲೆ ನಮ್ಮಲ್ಲಿ ಕರೆಂಟ್ ನಂಬುವ ಹಾಗಿಲ್ಲ.